ಇಪ್ಪತ್ತೊಂದು ಸಪ್ಪೆ ಸೋಮವಾರ

ನಮ್ಮ ಮನೆಗೆ ಊಟಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಉಪ್ಪಿನ ಡಬ್ಬಿ. ಅದು ಅಡುಗೆಮನೆಯ ಗೂಡಿನಲ್ಲಿ ಇರುವುದಿಲ್ಲ. ನಡುಮನೆಯಲ್ಲಿ, ಕುಡಿಯುವ ನೀರಿನ ಕೊಡದ ಪಕ್ಕದಲ್ಲಿ ಇರುತ್ತದೆ. ಮಗ ಸ್ಕೂಲಿನಿಂದ ಬಂದವನೇ ಬ್ಯಾಗು ಇಳಿಸುವ ಮೊದಲು ಅದರೊಳಗೆ ಕೈ ಹಾಕಿ ಎರಡು ಹರಳು ಬಾಯಿಗೆ ಎಸೆದುಕೊಳ್ಳುತ್ತಾನೆ. ಬಂದವರು ಗಾಬರಿಯಾಗುತ್ತಾರೆ. "ಅಯ್ಯ ಯವ್ವಾ, ಕಲ್ಲುಸಕ್ಕರಿ ತಿಂದಂಗ ಉಪ್ಪು ತಿಂತಾನಲ್ಲಬೇ, ನೀ ನೋಡ್ಕೊಂತ ಕುಂತೀಯಲ್ಲ!" ಅನ್ನುತ್ತಾರೆ. "ತಿನ್ನಲಿ ಬಿಡ್ರಿ, ಡಾಕ್ಟರೇ ಹೇಳ್ಯಾರ" ಅಂದರೆ ನಂಬುವುದಿಲ್ಲ. ಡಾಕ್ಟರು ಉಪ್ಪು ಬಿಡು ಅನ್ನುವುದನ್ನು ಎಲ್ಲರೂ ಕೇಳಿದ್ದಾರೆ, ತಿನ್ನು ಅನ್ನುವುದನ್ನು ಯಾರು ಕೇಳಿದ್ದಾರೆ?

ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಒಂದು ಕಾಲಕ್ಕೆ ನಾನು ಅವರಿಗಿಂತ ಕಡೆಯಾಗಿದ್ದೆ. ಇದೇ ಉಪ್ಪಿಗಾಗಿ ಹತ್ತು ವರ್ಷದ ಮಗಳ ಕೈಮೇಲೆ ಸೌಟಿನಿಂದ ಹೊಡೆದವಳು ನಾನು.

ನಾನು ಆಂಧ್ರದ ಗಡಿಯ ಮದ್ದಿಕೇರದಲ್ಲಿ ಹುಟ್ಟಿ ಬೆಳೆದು ಆದೋನಿಗೆ ಸೊಸೆಯಾಗಿ ಬಂದವಳು. ಬಂದದ್ದು ಬೇರೆ ಯಾರ ಮನೆಗೂ ಅಲ್ಲ, ಅಜ್ಜಿಯ ಮನೆಗೇ. ಅವ್ವನ ತಮ್ಮನಿಗೆ ನನ್ನನ್ನು ಕೊಟ್ಟರು. ನಮ್ಮ ಕಡೆ ಇದು ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಬೇಸಿಗೆ ರಜೆಗೆ ಬಂದು ಮಂಡಕ್ಕಿಯ ಉಗ್ಗಾಣಿ ತಿಂದು ಹೋಗುತ್ತಿದ್ದ ಮನೆಗೆ ಒಂದು ದಿನ ಸೇರಕ್ಕಿ ಒದ್ದು ಒಳಗೆ ಬಂದೆ, ಅಷ್ಟೆ. ಮಾಮ ಗಂಡನಾದ, ಅಜ್ಜಿ ಅತ್ತೆಯಾದಳು. "ಇನ್ನ ಮ್ಯಾಲ ಅತ್ತಿ ಅನ್ನು" ಎಂದು ಅವ್ವ ಹೇಳಿ ಕಳಿಸಿದ್ದಳು. ನಾಲಿಗೆ ಹೊರಳಲಿಲ್ಲ. ಇಬ್ಬರನ್ನೂ ಹಳೆಯ ಹೆಸರಿನಿಂದಲೇ ಕರೆದೆ. ಮೊಮ್ಮಗಳಾಗಿ ಜಗಳ ಆಡಬಹುದು, ಸೊಸೆಯಾಗಿ ಮುನಿಸಿಕೊಳ್ಳಬಹುದು. ಎರಡೂ ಕಡೆ ನನಗೇ ಲಾಭ ಎಂದು ಬೀಗುತ್ತಿದ್ದೆ.

ಈ ಮದುವೆ ಅಜ್ಜಿಯ ಹಟದಿಂದ ಆದದ್ದು. "ಹೊರಗಿನಾಕಿನ ತಂದ್ರ ಆಕಿ ನನ್ನ ಮಗನ್ನ ನೋಡತಾಳ, ನನ್ನನ್ನ ಯಾರು ನೋಡತಾರ?" ಎಂದು ಅವ್ವನ ಮುಂದೆ ಕುಳಿತು ಕೇಳಿದ್ದಳಂತೆ. ಮಾಮನದು ಹತ್ತಿ ವ್ಯಾಪಾರ. ಸುಗ್ಗಿಯಲ್ಲಿ ಮಾರ್ಕೆಟ್ ಯಾರ್ಡಿನಿಂದ ಮನೆಗೆ ಬಂದರೆ ಹುಬ್ಬಿನಲ್ಲೂ ಹತ್ತಿಯ ಎಳೆ. ಸಮಾಧಾನದ ಮನುಷ್ಯ. ಸಿಡುಕು, ಹಟ, ದೇವರು ಮೂರೂ ನನ್ನ ಪಾಲಿಗೆ ಬಂದಿವೆ.

ಮಕ್ಕಳಿಬ್ಬರೂ ಹುಟ್ಟುವಾಗ ಚೆನ್ನಾಗಿಯೇ ಇದ್ದರು. ಮಗಳು ಎರಡನೇ ಕ್ಲಾಸಿಗೆ ಬಂದಾಗ ಕಾಲು ಸೆಳೆತ ಎಂದು ಅಳತೊಡಗಿದಳು. ಅವಳಿಗಿಂತ ಎರಡು ವರ್ಷ ಚಿಕ್ಕವನಾದ ಮಗನಿಗೆ ಸುಸ್ತು. ಬಾಟಲಿಗಟ್ಟಲೆ ನೀರು ಕುಡಿಯುವನು, ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುವನು, ನಮ್ಮ ಮಾಳಿಗೆಯ ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕೂತುಬಿಡುವನು. ಮೊದಲನೇ ಡಾಕ್ಟರು ರಕ್ತ ಕಡಿಮೆ ಎಂದರು. ಎರಡನೆಯವರು ಹುಳುವಿನ ಮಾತ್ರೆ ಬರೆದರು. ಮೂರನೆಯವರು ಮಗನ ಕೆನ್ನೆ ತಟ್ಟಿ, ನನ್ನ ಕಡೆ ನೋಡಿ, "ಸ್ಕೂಲಿಗೆ ಹೋಗಾಕ ಮನಸ್ಸಿಲ್ಲ, ನಾಟಕ ಮಾಡತಾನ" ಅಂದರು. ಹೊರಗೆ ಬಂದವಳೇ ಆ ಚೀಟಿಯನ್ನು ಅವರ ಬಾಗಿಲ ಮುಂದೆಯೇ ಹರಿದು ಹಾಕಿದೆ. ಮಾಮ ಬಾಗಿ ಚೂರುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡ.

ತೀರ ಸುಸ್ತಾದ ದಿನ ನಮ್ಮ ಓಣಿಯ ಡಾಕ್ಟರು ಒಂದು ಸಲೈನ್ ಬಾಟಲಿ ಏರಿಸುತ್ತಿದ್ದರು. ಏರಿಸಿದರೆ ಮಗ ಎದ್ದು ಕೂರುತ್ತಿದ್ದ, ಸಂಜೆಗೆ ಓಣಿಯಲ್ಲಿ ಆಡುತ್ತಿದ್ದ. ಅವನು ಬೆಂಚಿನ ಮೇಲೆ ಮಲಗಿದ್ದಾಗ ನಾನು ಸುಮ್ಮನೆ ಕೂರುತ್ತಿರಲಿಲ್ಲ. ಮಾಮನನ್ನು ಪಕ್ಕದಲ್ಲಿ ಕೂರಿಸಿ, ಗುಡಿಗೆ ಓಡಿ, ಕಾಯಿ ಒಡೆಸಿಕೊಂಡು ಬರುತ್ತಿದ್ದೆ. ಬರುವಷ್ಟರಲ್ಲಿ ಮಗನ ಕಣ್ಣು ಅರಳಿರುತ್ತಿತ್ತು. ನೋಡಿದಿರಾ, ದೇವರು ಕಣ್ಣು ತೆರೆದ ಅನ್ನುತ್ತಿದ್ದೆ. ಸಲೈನ್ ಅಂದರೆ ಉಪ್ಪುನೀರು ಎಂದು ಬಾಟಲಿಯ ಮೇಲೆಯೇ ಬರೆದಿರುತ್ತದಂತೆ. ನಾನು ಬಿ.ಎ. ಓದಿದವಳು. ಒಂದು ಸಲವೂ ಓದಿ ನೋಡಲಿಲ್ಲ.

ನಮ್ಮದು ಶೈವರ ಮನೆತನ, ಮನೆದೇವರು ಈರಣ್ಣ ಸ್ವಾಮಿ. ಆದರೆ ಮಕ್ಕಳ ಸಂಕಟ ಬಂದಾಗ ಯಾವ ಬಾಗಿಲನ್ನೂ ಬಿಡಲಿಲ್ಲ. ಗುರುವಾರ ಮಂತ್ರಾಲಯಕ್ಕೆ ಹೋಗಿ ತುಂಗಭದ್ರೆಯಲ್ಲಿ ಇಬ್ಬರನ್ನೂ ಮುಳುಗಿಸಿ ತಂದೆ. ಶುಕ್ರವಾರ ದರ್ಗಾದ ಮುಂದೆ ನಿಂತು ನವಿಲುಗರಿಯಿಂದ ಬೆನ್ನು ಸವರಿಸಿದೆ. "ಯಾವ ದೇವರೂ ಬ್ಯಾಸರ ಮಾಡ್ಕೊಳ್ಳದಂಗ ಎಲ್ಲಾರ ಮನಿಗೂ ಹೋಗಿ ಬರತೀ ನೀನು" ಎಂದು ಮಾಮ ನಗುತ್ತಿದ್ದ. ನಕ್ಕರೂ ಸ್ಕೂಟರ್ ತೆಗೆಯುತ್ತಿದ್ದವನು ಅವನೇ.

ಒಂದು ದಿನ ಮಗಳ ಕೈ ಸೆಟೆಯಿತು. ಸ್ಕೂಲಿಗೆ ಜಡೆ ಹಾಕುತ್ತಿದ್ದೆ. "ಅಮ್ಮಾ, ನನ್ನ ಕೈ ನೋಡು" ಅಂದಳು. ಬಲಗೈಯ ಐದೂ ಬೆರಳು ಒಂದಕ್ಕೊಂದು ಕೂಡಿಕೊಂಡು, ಮಣಿಕಟ್ಟು ಒಳಕ್ಕೆ ಬಾಗಿತ್ತು. ಬಿಡಿಸಲು ಹೋದರೆ ಬಿಡುತ್ತಿಲ್ಲ. ವಿಭೂತಿ ಹಚ್ಚಲು ಚಿಟಿಕೆ ಹಿಡಿದರೆ ಕೈ ಹೇಗಿರುತ್ತದೋ ಹಾಗೆಯೇ ಇತ್ತು. ಅವಳು ಅಳುತ್ತಿದ್ದಳು. ನಾನು ಅದನ್ನು ನೋಡಿದವಳೇ ಕೈಮುಗಿದುಬಿಟ್ಟೆ. ಈರಣ್ಣ ಕೂಸಿನ ಕೈಯಲ್ಲಿ ವಿಭೂತಿ ಕೇಳುತ್ತಿದ್ದಾನೆ ಎಂದು ನನಗೆ ಅನ್ನಿಸಿದ್ದಲ್ಲ, ಖಾತ್ರಿಯೇ ಆಗಿಹೋಯಿತು. ಓಣಿಯ ಹೆಂಗಸರೂ ಅದನ್ನೇ ಹೇಳಿದರು. ಅರ್ಧ ಗಂಟೆಗೆ ಬೆರಳು ತಾವೇ ಸಡಿಲವಾದವು. ನಾನು ಆಗ ಅವಳ ಹಣೆಗೆ ವಿಭೂತಿ ಬಳಿಯುತ್ತಿದ್ದೆ, ಹಾಗಾಗಿ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮುಂದಿನ ಸೋಮವಾರ ಮೂವರೂ ಗುಡಿಗೆ ಹೋದೆವು. ಮಕ್ಕಳನ್ನು ಎರಡೂ ಕಡೆ ನಿಲ್ಲಿಸಿಕೊಂಡು ಹರಕೆ ಹೊತ್ತೆ. ಮಗನ ಕಾಲು ಗಟ್ಟಿ ಮಾಡು, ಮಗಳ ಬೆರಳು ಬಿಡಿಸು, ಇಪ್ಪತ್ತೊಂದು ಸೋಮವಾರ ನಾವು ಮೂರು ಜನ ಉಪ್ಪು ಬಿಟ್ಟು ಸಪ್ಪೆ ಊಟ ಮಾಡುತ್ತೇವೆ ಎಂದೆ. ಕೆಲವರು ಕೂದಲು ಕೊಡುತ್ತಾರೆ, ಕೆಲವರು ಬೆಳ್ಳಿಯ ಕಣ್ಣು ಮಾಡಿಸುತ್ತಾರೆ. ನಮ್ಮ ಮನೆತನದ ಹೆಂಗಸರು ಕೊಡುವುದು ಉಪ್ಪನ್ನು. ಮಾಮ ಹುಟ್ಟಲಿ ಎಂದು ಅಜ್ಜಿಯೂ ಇದೇ ಹರಕೆ ಮಾಡಿದ್ದಳು. ಅವನು ಹುಟ್ಟಿದ, ನಾನು ಅವನ ಹೆಂಡತಿಯಾದೆ. ಹರಕೆ ಫಲಿಸುತ್ತದೆ ಅನ್ನುವುದಕ್ಕೆ ನನ್ನ ಮನೆಯೊಳಗೇ ಆರಡಿ ಎತ್ತರದ ಗುರುತು ಓಡಾಡುತ್ತಿತ್ತು.

ಅಜ್ಜಿ ಮೆಚ್ಚಿ ಬೆನ್ನು ತಟ್ಟುತ್ತಾಳೆ ಅಂದುಕೊಂಡಿದ್ದೆ. ಅವಳು ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು.

"ಹರಕಿ ಹೊತ್ತಾಕಿ ನೀನು. ಉಪ್ಪು ಬಿಡಾಕಿನೂ ನೀನ ಆಗಬೇಕು. ಕೂಸುಗಳನ್ನ ಯಾಕ ಎಳೀತಿ?"

"ರೋಗ ಅವರದಲ್ಲೇನು? ಅವರೂ ಒಂದೀಟು ಕಷ್ಟಪಡಲಿ" ಅಂದೆ.

"ಅವು ಪಡೋ ಕಷ್ಟ ಸಾಲದೇನಬೇ? ಆ ಹುಡುಗಿ ಉಪ್ಪಿಗೆ ಹೆಂಗ ಬಾಯಿ ಬಿಡತೈತಿ ನೋಡೀಯಿಲ್ಲ. ಮೈ ಬೇಡಿದ್ದನ್ನ ಇಲ್ಲ ಅನ್ನಬಾರದು."

"ಚಟಕ್ಕೆಲ್ಲ ಮೈ ಬೇಡತೈತಿ ಅನ್ನಕತ್ತಿಯಲ್ಲ! ನಿನ್ನ ತಂಬಾಕೂ ಮೈ ಬೇಡತೈತೇನು?"

ಅಜ್ಜಿ ಎಲೆ ಮಡಿಸಿ ಬಾಯಿಗಿಟ್ಟು ಸುಮ್ಮನಾದಳು. ಅವಳು ಸುಮ್ಮನಾದಳೆಂದರೆ ಒಪ್ಪಿದಳು ಎಂದಲ್ಲ. ಅದು ನನಗೆ ಆಮೇಲೆ ತಿಳಿಯಿತು.

ಮಗಳಿಗೆ ಉಪ್ಪಿನ ಹುಚ್ಚು ಮೊದಲಿಂದಲೂ ಇತ್ತು. ಸ್ಕೂಲಿಗೆ ಹುಣಸೆಹಣ್ಣಿನಲ್ಲಿ ಉಪ್ಪು ಕಟ್ಟಿಕೊಂಡು ಹೋಗುವಳು, ಹಪ್ಪಳದ ಹಿಟ್ಟು ನಾದಿಟ್ಟರೆ ಅರ್ಧ ಖಾಲಿ. ನಾಲ್ಕನೆಯ ಸಪ್ಪೆ ಸೋಮವಾರ ಅವಳು ಅಡುಗೆಮನೆಯ ಗೂಡಿನ ಮುಂದೆ ತುದಿಗಾಲಲ್ಲಿ ನಿಂತು ಉಪ್ಪಿನ ಭರಣಿಗೆ ಕೈ ಹಾಕಿದ್ದು ಕಂಡಿತು. ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಹೊಡೆದೆ. ಮಣಿಕಟ್ಟಿನ ಮೇಲೆ ಬಿತ್ತು. "ನಿನ್ನ ಸಲುವಾಗಿ ನಾನು ಸಾಯಾಕತ್ತೀನಿ, ನಿನಗೊಂದು ದಿನ ನಾಲಿಗಿ ಹಿಡಿಯಾಕ ಆಗಂಗಿಲ್ಲ?" ಎಂದು ಕೂಗಾಡಿದೆ. ಅವಳು ಅಳಲಿಲ್ಲ. ಮುಷ್ಟಿ ಬಿಚ್ಚಿ ಹರಳುಗಳನ್ನು ವಾಪಸು ಭರಣಿಗೆ ಹಾಕಿ, ಅಂಗೈ ನೆಕ್ಕದೆ ಲಂಗಕ್ಕೆ ಒರೆಸಿಕೊಂಡಳು. ಆರು ವರ್ಷ ಆಯಿತು, ಆ ಒರೆಸಿಕೊಂಡದ್ದು ನನಗೆ ಮರೆಯಲು ಆಗಿಲ್ಲ.

ಹೀಗೇ ಹತ್ತು ಹನ್ನೆರಡು ವಾರ ನಡೆಯಿತು. ಮಕ್ಕಳು ವಾಸಿಯಾಗಲಿಲ್ಲ, ಹಾಗೆಂದು ಕೆಡಲೂ ಇಲ್ಲ. ಅಷ್ಟಕ್ಕೇ ನಾನು ಹಿಗ್ಗಿದೆ. ಶ್ರಾವಣ ಬಂದಾಗ ಆಸೆ ಹೆಚ್ಚಾಯಿತು. ಸೋಮವಾರ ಒಂದೇ ಯಾಕೆ, ಈ ತಿಂಗಳು ಪೂರ್ತಿ ಸಪ್ಪೆ ಊಟ ಮಾಡಿದರೆ ದೇವರು ಬೇಗ ಒಲಿಯುತ್ತಾನೆ ಅನ್ನಿಸಿತು. ಅದೇ ಹೊತ್ತಿಗೆ ಮದ್ದಿಕೇರದಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಅವ್ವನನ್ನು ನೋಡಿಕೊಳ್ಳಲು ಅಜ್ಜಿ ಹೊರಟಳು. ಹೊರಡುವಾಗ ಎಲೆ ಅಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತೆಗೆದು, ಮತ್ತೆ ಸಿಕ್ಕಿಸಿಕೊಂಡು, ಮಕ್ಕಳ ಮುಖ ನೋಡುತ್ತಾ ಬಾಗಿಲಲ್ಲಿ ನಿಂತಳು. "ತಿಂಗಳು ಪೂರ್ತಿ ಬ್ಯಾಡಬೇ. ನಾ ಬರೋತನಕಾರ ತಡಿ" ಅಂದಳು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವಳನ್ನು ಅವಸರ ಮಾಡಿ ಕಳಿಸಿದೆ.

ಹದಿನೆಂಟು ದಿನ. ಸಪ್ಪೆ ರೊಟ್ಟಿ, ಸಪ್ಪೆ ಬೇಳೆ, ಹಾಲು, ಬೆಲ್ಲ. ಉಗ್ಗಾಣಿಯನ್ನೂ ಉಪ್ಪಿಲ್ಲದೆ ಮಾಡಿದೆ. ಅದನ್ನು ತಿಂದವರಿಗೇ ಗೊತ್ತು. ಸ್ಕೂಲಿನಲ್ಲಿ ಯಾರ ಡಬ್ಬಿಯಿಂದಲೂ ತಿನ್ನಬಾರದು ಎಂದು ಮಗಳಿಂದ ದೇವರ ಮೇಲೆ ಆಣೆ ಮಾಡಿಸಿದ್ದೆ. ಅವಳು ಆಣೆಯನ್ನು ಮುರಿಯಲಿಲ್ಲ. ಆಗ ಅವಳ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹದಿನಾರನೆಯ ಸೋಮವಾರದ ಮರುದಿನ ಬೆಳಿಗ್ಗೆ ಮಗನನ್ನು ಎಬ್ಬಿಸಲು ಹೋದೆ. ಕಣ್ಣು ಬಿಟ್ಟಿದ್ದ. "ಅಮ್ಮಾ, ಎದ್ದೇಳಾಕ ಬರವಲ್ದು" ಅಂದ. ಕೈ ಎತ್ತಿ ಬಿಟ್ಟರೆ ಧೊಪ್ಪನೆ ಬಿತ್ತು. ಕುತ್ತಿಗೆ ನಿಲ್ಲಲಿಲ್ಲ. ಪಕ್ಕದಲ್ಲೇ ಮಲಗಿದ್ದ ಮಗಳ ಎರಡೂ ಕೈ ಸೆಟೆದು ಚಿಟಿಕೆ ಹಿಡಿದಿದ್ದವು. ಅವಳ ತುಟಿಯೂ ಎಳೆದುಕೊಳ್ಳುತ್ತಿತ್ತು. ಈ ಸಲ ನಾನು ಕೈಮುಗಿಯಲಿಲ್ಲ, ಮಾಮನನ್ನು ಕೂಗಿದೆ. ಓಣಿಯ ಡಾಕ್ಟರು ನಾಡಿ ಹಿಡಿದು ನೋಡಿ, ತಮ್ಮ ಕೈಯಲ್ಲಿ ಆಗುವುದಿಲ್ಲ, ತಡ ಮಾಡದೆ ಕರ್ನೂಲಿಗೆ ಹೋಗಿ ಅಂದರು. ಕಾರಿನಲ್ಲಿ ಮಗನ ತಲೆ ನನ್ನ ತೊಡೆಯ ಮೇಲಿತ್ತು. ಎಮ್ಮಿಗನೂರು ದಾಟುವವರೆಗೂ ನಾನು ಮನಸ್ಸಿನಲ್ಲಿ ಹೇಳಿಕೊಂಡದ್ದು ಒಂದೇ: ಇನ್ನು ಐದೇ ಸೋಮವಾರ ಉಳಿದಿವೆ, ಅಷ್ಟರೊಳಗೆ ಇವನನ್ನು ಕರೆದುಕೊಳ್ಳಬೇಡ.

ಕರ್ನೂಲಿನಲ್ಲಿ ನೋಡಿದವರು ನನ್ನದೇ ವಯಸ್ಸಿನ ಒಬ್ಬ ಹೆಣ್ಣು ಡಾಕ್ಟರು. ಇಬ್ಬರ ರಕ್ತವನ್ನೂ ತೆಗೆಸಿದರು, ಮೂತ್ರವನ್ನೂ ಕಳಿಸಿದರು. ಎದೆಗೆ ವೈರುಗಳನ್ನು ಅಂಟಿಸಿ, ಬಾಟಲಿಗೆ ಏನೋ ಔಷಧ ಸೇರಿಸಿ ಹನಿಹನಿಯಾಗಿ ಬಿಟ್ಟರು. ಮಧ್ಯಾಹ್ನ ಬಂದು ನನ್ನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. ಅವರ ಮಾತೆಲ್ಲ ತೆಲುಗಿನಲ್ಲಿ.

"ಮೇನರಿಕಮಾ?" ಎಂದು ಕೇಳಿದರು. ಮನೆಯೊಳಗೇ ಕೊಟ್ಟು ತಂದದ್ದಾ ಎಂದು. ಹೌದು, ಸೋದರಮಾವ ಅಂದೆ. ತಲೆಯಾಡಿಸಿ ಬರೆದುಕೊಂಡರು. ಆಮೇಲೆ, "ಪಿಲ್ಲಲು ಉಪ್ಪು ಎಕ್ಕುವ ತಿಂಟಾರಾ?" ಅಂದರು. ಮಕ್ಕಳು ಉಪ್ಪು ಹೆಚ್ಚು ತಿನ್ನುತ್ತಾರಾ?

ನನಗೆ ಭರಣಿಯ ಮುಂದೆ ನಿಂತ ಮಗಳು ನೆನಪಾದಳು. ಮಕ್ಕಳಿಗೆ ಕೆಟ್ಟ ಚಟ ಕಲಿಸಿದ್ದಾಳೆ ಅಂದುಕೊಂಡಾರು ಎಂದು ನಾಚಿಕೆಯಾಯಿತು. "ಲೇದು ಮೇಡಂ" ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿ. ನೆಟ್ಟಗೆ ಕೂತು, ನಮ್ಮ ಮನೆಯಲ್ಲಿ ಉಪ್ಪೇ ತಿನ್ನುವುದಿಲ್ಲ, ವ್ರತ ಹಿಡಿದಿದ್ದೇವೆ ಎಂದು ಹೆಮ್ಮೆಯಿಂದ ಸೇರಿಸಿದೆ. ಅವರು ಪೆನ್ನು ಕೆಳಗಿಟ್ಟರು. ಎಷ್ಟು ದಿನದಿಂದ ಎಂದು ಕೇಳಿದರು. ಹೇಳಿದೆ. ಅವರಿಗೆ ಏನೋ ಅರ್ಥವಾಗಿತ್ತು, ಏನೋ ಇನ್ನೂ ಕೂಡಿಬರಲಿಲ್ಲ. ಇಷ್ಟು ವಾರ ಈ ಮಕ್ಕಳು ಹೇಗೆ ತಡೆದುಕೊಂಡರು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎದ್ದರು.

ಮರುದಿನ ಅಜ್ಜಿ ಬಂದಳು. ಮದ್ದಿಕೇರದಿಂದ ಪತ್ತಿಕೊಂಡಕ್ಕೆ ಬಂದು ಅಲ್ಲಿ ಬಸ್ಸು ಬದಲಿಸಿ, ಯಾರನ್ನೂ ಜೊತೆಗೆ ಕರೆದುಕೊಳ್ಳದೆ. ನನ್ನನ್ನು ಮಾತಾಡಿಸಲಿಲ್ಲ. ನೇರ ಮಂಚಗಳ ಹತ್ತಿರ ಹೋಗಿ ಎರಡರ ನಡುವೆ ನಿಂತಳು. ಮಗ ಆಗ ತಾನೇ ಕುತ್ತಿಗೆ ಹೊರಳಿಸುವಷ್ಟು ಆಗಿದ್ದ. ಮಗಳು ಅವಳನ್ನು ನೋಡಿದವಳೇ ಕೈ ಚಾಚಿದಳು. ಚಾಚಿದ್ದು ಅಜ್ಜಿಯ ಕೈಗಲ್ಲ, ಸೊಂಟದ ಸಂಚಿಗೆ. ಅಜ್ಜಿ ಸಂಚಿಯ ದಾರ ಬಿಚ್ಚಿದಳು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಪದರ; ಎಲ್ಲದರ ಒಳಗಿನ ಪದರದಿಂದ ಒಂದು ಚಿಟಿಕೆ ಕಲ್ಲುಪ್ಪು ತೆಗೆದು ಮಗಳ ಬಾಯಿಗಿಟ್ಟಳು. ಮಗಳು ಕಣ್ಣು ಮುಚ್ಚಿದಳು. ಅವರಿಬ್ಬರ ನಡುವೆ ಇದು ಇವತ್ತಿನದಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು.

"ಎಷ್ಟು ದಿನದಿಂದ ಕೊಡಾಕತ್ತಿ?"

"ಮೊದಲನೇ ಸೋಮವಾರದಿಂದ" ಅಂದಳು ಅಜ್ಜಿ. "ದಿನಾ ಎರಡು ಹೊತ್ತು. ಇಬ್ಬರಿಗೂ."

"ಅದಕ್ಕ ಹಿಂಗಾತು! ನಾನು ಹೊಟ್ಟಿ ಕಟ್ಟಿ ಮಾಡಿದ ಹರಕಿನ ನೀನು ಹಿಂದಿಂದ ಮುರಿದಿ. ನನ್ನ ಮಗನ್ನ ಮಲಗಿಸಿಬಿಟ್ಟಿ ನೀನು!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಂಥ ಬಾಯಿಯ ಮುದುಕಿ, ನನ್ನಂಥವಳನ್ನು ಮೂರು ಮಾತಿನಲ್ಲಿ ಕೂರಿಸುವವಳು, ಸಂಚಿಯನ್ನು ಎದೆಗೆ ಒತ್ತಿಕೊಂಡು ನಿಂತಳು. ಇದೆಲ್ಲ ತನ್ನಿಂದಲೇ ಆಯಿತು ಎಂದು ಅವಳೂ ನಂಬಿದ್ದಳು. ಹರಕೆ ಅಂದರೆ ಅವಳಿಗೂ ಹುಡುಗಾಟವಲ್ಲ. ಅದರಿಂದಲೇ ಮಗನನ್ನು ಪಡೆದವಳು. ದೇವರಿಗೆ ಹೆದರುತ್ತಲೇ ಮಕ್ಕಳ ಬಾಯಿಗೆ ಉಪ್ಪು ಇಟ್ಟಿದ್ದಳು.

ಗದ್ದಲ ಕೇಳಿ ಡಾಕ್ಟರು ಬಂದರು. ಮಾಮ ಎಲ್ಲವನ್ನೂ ಹೇಳಿದ. ಅವರು ಅಜ್ಜಿಯ ಕೈಯಿಂದ ಸಂಚಿ ತೆಗೆದುಕೊಂಡು, ಒಳಗಿನ ಪದರದಲ್ಲಿ ಬೆರಳು ಆಡಿಸಿ, ಒಂದು ಹರಳು ಹಿಡಿದು ನೋಡಿದರು. ಆಮೇಲೆ ನಮ್ಮ ಮೂವರನ್ನೂ ಕೂರಿಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದರು. ಈ ಮಕ್ಕಳ ಮೂತ್ರಪಿಂಡಕ್ಕೆ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಉಪ್ಪು ಸೋರಿ ಹೋಗುತ್ತದೆ, ಅದರ ಬೆನ್ನಿಗೆ ಪೊಟ್ಯಾಷಿಯಂ, ಮೆಗ್ನೀಷಿಯಂ ಕೂಡ. ಅದಕ್ಕೇ ಸುಸ್ತು, ಸೆಳೆತ, ಸೆಟೆದ ಬೆರಳು. ಹುಟ್ಟಿನಿಂದಲೇ ಬಂದದ್ದು, ತಾಯಿಯ ಕಡೆಯಿಂದ ಅರ್ಧ, ತಂದೆಯ ಕಡೆಯಿಂದ ಅರ್ಧ. ಒಂದೇ ಮನೆಯಲ್ಲಿ ಕೊಟ್ಟು ತಂದಾಗ ಎರಡು ಅರ್ಧ ಕೂಡುವುದು ಹೆಚ್ಚು. ವಾಸಿಯಾಗುವುದಿಲ್ಲ, ಆದರೆ ಔಷಧ ತೆಗೆದುಕೊಂಡು, ಬೇಕಾದಷ್ಟು ಉಪ್ಪು ತಿಂದುಕೊಂಡು ಎಲ್ಲರ ಹಾಗೆ ಬದುಕಬಹುದು. ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಈಗಲೂ ನನಗೆ ಅದು ನೆಟ್ಟಗೆ ಬಾಯಲ್ಲಿ ಹೊರಡುವುದಿಲ್ಲ.

ಎದ್ದು ಹೋಗುವಾಗ ಸಂಚಿಯನ್ನು ಅಜ್ಜಿಯ ಮಡಿಲಲ್ಲಿಟ್ಟು, ಇಷ್ಟು ವಾರ ಈ ಮಕ್ಕಳನ್ನು ಎತ್ತಿ ಹಿಡಿದದ್ದು ಇದೇ ಅಂದರು.

ನನಗೆ ಅಜ್ಜಿಯ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ನನ್ನ ಸ್ವಭಾವವೇ ಅಂಥದ್ದು. ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಅಜ್ಜಿಯೇ ಬಂದು ಬೆನ್ನ ಮೇಲೆ ಕೈಯಿಟ್ಟಳು.

"ನೀ ಯಾಕ ಅಳತಿ? ಎರಡು ಅರ್ಧ ಕೂಡಿಸಿದಾಕಿ ನಾನು" ಅಂದಳು. "ಮುಪ್ಪಿನಾಗ ಗಂಜಿ ಕಾಸಾಕಿ ಬೇಕು ಅಂತ ಹಟ ಹಿಡಿದು ನಿನ್ನನ್ನ ಈ ಮನಿಗೆ ತಂದೆ. ಆ ಡಾಕ್ಟರಮ್ಮ ನನ್ನ ಮಾರಿ ನೋಡಿ ಹೇಳಿದ್ದು ಅದನ್ನ."

"ಆಕಿ ಯಾರ ಮಾರೀನೂ ನೋಡಲಿಲ್ಲ. ಸುಮ್ನಿರಜ್ಜಿ" ಅಂದೆ. ಅಷ್ಟೇ ನನ್ನಿಂದ ಆದ ಕ್ಷಮಾಪಣೆ.

ಮನೆಗೆ ಬಂದ ಮೇಲೆ ಎರಡು ತಿಂಗಳು ನಾನು ದೇವರಿಗೆ ದೀಪ ಹಚ್ಚಲಿಲ್ಲ. ಕೇಳಿದ್ದು ಮಕ್ಕಳ ಆರೋಗ್ಯ, ಅದಕ್ಕೆ ಕೊಟ್ಟದ್ದು ಉಪ್ಪು; ಇದಕ್ಕಿಂತ ದೊಡ್ಡ ಅಣಕ ಇರುತ್ತದೆಯೇ? ನಾನು ಹರಕೆ ಹೊರುವಾಗ ಆ ಈರಣ್ಣನಾದರೂ ಬೇಡ ಅನ್ನಬಾರದಿತ್ತೇ? ಹೀಗೆಂದು ಒಂದು ದಿನ ಮಾಮನ ಮುಂದೆ ಹಾರಾಡಿದೆ. ಅವನು ಹುಬ್ಬಿನಿಂದ ಹತ್ತಿ ಕೀಳುತ್ತಾ, "ಅಂದ್ನಲ್ಲ. ನಿನ್ನಜ್ಜಿ ಬಾಯಾಗ ಅಂದ. ನೀ ಕೇಳಲಿಲ್ಲ" ಅಂದ. ಅವನು ತಮಾಷೆಗೆ ಅಂದದ್ದು. ನನಗೆ ಅದು ತಮಾಷೆಯಾಗಿ ಕೇಳಲಿಲ್ಲ. ಮರುದಿನ ದೀಪ ಹಚ್ಚಿದೆ.

ಆದರೆ ಒಂದು ಅಳುಕು ಉಳಿದೇಹೋಯಿತು. ಹದಿನಾರು ಸೋಮವಾರ ಆಗಿ ಐದು ಬಾಕಿ ಇದ್ದವು. ಮೂರು ಬಾಯಿಯಿಂದ ಹೊತ್ತ ಹರಕೆಯನ್ನು ನಾನೊಬ್ಬಳೇ ಮುಗಿಸಿದರೆ ಸಲ್ಲುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಉಪ್ಪು ಬಿಡುತ್ತೇನೆ ಎಂದು ಬಾಯಿ ತೆರೆಯಲೂ ಧೈರ್ಯವಿರಲಿಲ್ಲ. ಮಕ್ಕಳು ಔಷಧ ಕುಡಿದುಕೊಂಡು, ಉಪ್ಪು ತಿಂದುಕೊಂಡು ಮೇಲೆದ್ದರು. ಮಗ ಹನ್ನೆರಡು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ. ಆದರೂ ಯಾರಿಗಾದರೂ ಸಣ್ಣ ಜ್ವರ ಬಂದರೆ ಸಾಕು, ಬಾಕಿ ಐದು ಸೋಮವಾರ ನನ್ನ ಎದೆಯ ಮೇಲೆ ಬಂದು ಕೂರುತ್ತಿದ್ದವು. ಒಮ್ಮೆ ಬಾಯಿಬಿಟ್ಟು ಅಜ್ಜಿಗೆ ಹೇಳಿದೆ.

"ಆ ಐದು ನನಗ ಬಿಡು" ಅಂದಳು. "ಮುರಿದಾಕಿ ನಾನು, ತೀರಿಸಾಕಿನೂ ನಾನ."

"ನೀನಾ? ಉಪ್ಪಿನಕಾಯಿ ಇಲ್ಲದ ನಿನಗ ತುತ್ತು ಇಳಿಯಂಗಿಲ್ಲ."

"ಮುಂದಿನ ಸೋಮವಾರ ಹಿಡೀತೀನಿ ನೋಡ್ತಿರು."

ಆ ಮುಂದಿನ ಸೋಮವಾರ ನಾಲ್ಕು ವರ್ಷ ಬರಲಿಲ್ಲ. ವಾರ ವಾರ ನಾನು ಚುಚ್ಚುವುದು, "ಇವತ್ತು ಮಿರ್ಚಿಬಜಿ ಮಾಡಿಯಲ್ಲಬೇ, ಹೆಂಗ ಬಿಡಲಿ?" ಎಂದು ಅವಳು ನೆಪ ತೆಗೆಯುವುದು. ಮಕ್ಕಳಿಗೆ ಅದೊಂದು ಆಟವಾಗಿತ್ತು.

ಹೋದ ವರ್ಷ ಅಜ್ಜಿಯ ಕಾಲು ಬಾತವು. ನಾಲ್ಕು ಹೆಜ್ಜೆಗೆ ಏದುಸಿರು. ಹೃದಯ ಸೋತಿದೆ, ನೀರು ತುಂಬಿಕೊಳ್ಳುತ್ತಿದೆ ಎಂದು ಡಾಕ್ಟರು ಮಾತ್ರೆ ಬರೆದು, ಊಟದಲ್ಲಿ ಉಪ್ಪು ಪೂರ್ತಿ ಬಿಡಬೇಕು ಅಂದರು. ಒಂದೇ ಒಲೆಯ ಮೇಲೆ ಮಕ್ಕಳಿಗೆ ಕೈತುಂಬ ಉಪ್ಪು ಹಾಕಿ ಒಂದು ಪಾತ್ರೆ, ಅಜ್ಜಿಗೆ ಸಪ್ಪೆ ಒಂದು ಪಾತ್ರೆ ಇಡತೊಡಗಿದೆ. ಮೊದಲ ದಿನ ತುತ್ತು ಬಾಯಿಗಿಟ್ಟು, "ಇದೇನಬೇ, ಗೋಡಿಗೆ ಹಚ್ಚೋ ಹಿಟ್ಟು ಮಾಡಿ?" ಎಂದು ತಟ್ಟೆ ತಳ್ಳಿದಳು. ಮೂರನೆಯ ದಿನ ಸೋಮವಾರ. ಬೆಳಿಗ್ಗೆ ಎದ್ದು ಮೈ ತೊಳೆಸು ಅಂದಳು. ಹಣೆಗೆ ಅಗಲ ವಿಭೂತಿ ಹಚ್ಚಿಕೊಂಡು, ಗೋಡೆಗೆ ಒರಗಿ, ಗುಡಿಯ ದಿಕ್ಕಿಗೆ ಮುಖ ಮಾಡಿ ಕೂತು, ಸಪ್ಪೆ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ಪೂರ್ತಿ ಉಂಡಳು. ಕೈ ತೊಳೆಯುವಾಗ, "ಇದು ಹದಿನೇಳನೇದು" ಅಂದಳು.

ನಾನು ನೀರಿನ ತಂಬಿಗೆ ಹಿಡಿದಿದ್ದೆ. "ಡಾಕ್ಟರು ಬಿಡಿಸಿದ್ದು, ದೇವರ ಹೆಸರಿಗೆ ಹೆಂಗ ಹಚ್ಚತಿ ಅಜ್ಜಿ?" ಎಂದು ಆಮೇಲೆ ಕೇಳಿದೆ.

"ಬಿಡಿಸಿದವರು ಯಾರಾರ ಇರಲಿ. ಉಣ್ಣಾಕಿ ನಾನು. ಯಾರ ಸಲುವಾಗಿ ಉಣ್ಣತೀನಿ ಅನ್ನೋದು ನನಗ ಬಿಟ್ಟಿದ್ದು."

ಉಳಿದ ದಿನಗಳಲ್ಲಿ ಬೈದುಕೊಂಡೇ ತಿನ್ನುತ್ತಿದ್ದಳು, ಅರ್ಧ ಬಿಡುತ್ತಿದ್ದಳು. ಸೋಮವಾರ ಮಾತ್ರ ಒಂದು ಅಗುಳೂ ಬಿಡುತ್ತಿರಲಿಲ್ಲ. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತನೆಯದಕ್ಕೆ ಕೂರಲು ಆಗಲಿಲ್ಲ, ಮಗ ಹಿಂದೆ ಕೂತು ಬೆನ್ನಿಗೆ ಎದೆ ಕೊಟ್ಟ. ಒಂದು ಕಾಲಕ್ಕೆ ಕುತ್ತಿಗೆ ನಿಲ್ಲದ ಹುಡುಗ. ಇಪ್ಪತ್ತೊಂದನೆಯ ಸೋಮವಾರ ನಾಲ್ಕೇ ತುತ್ತು ಗಂಜಿ ಇಳಿಯಿತು. "ಹೋಗು, ಮಕ್ಕಳನ್ನ ಕರಕೊಂಡು ಹೋಗಿ ತೀರ್ತು ಅಂತ ಹೇಳಿ ಬಾ" ಎಂದು ನನ್ನನ್ನು ಎಬ್ಬಿಸಿದಳು. ಹೋದೆ. ಮಕ್ಕಳನ್ನು ಎರಡೂ ಕಡೆ ನಿಲ್ಲಿಸಿಕೊಂಡೆ. ಮಗಳು ನನ್ನ ಭುಜಕ್ಕಿಂತ ಎತ್ತರ ಬೆಳೆದಿದ್ದಳು. ಈ ಸಲ ಏನೂ ಕೇಳಲಿಲ್ಲ. ತೀರಿತು ಎಂದಷ್ಟೇ ಹೇಳಿ ಬಂದೆ.

ಅಜ್ಜಿ ಬಾಗಿಲ ಕಡೆಯೇ ನೋಡುತ್ತಿದ್ದಳು.

"ಹೇಳಿ ಬಂದ್ಯಾ?"

"ಹೇಳಿದೆ ಅಜ್ಜಿ."

"ಹಂಗಾರ ಉಪ್ಪು ತಾ."

ಮಗಳು ನನ್ನ ಮುಖ ನೋಡಿದಳು. ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತು, ನನಗೂ ಗೊತ್ತು. ಒಂದು ಹರಳಿನಿಂದ ಕೆಡಲು ಅಲ್ಲಿ ಏನೂ ಉಳಿದಿಲ್ಲ ಅನ್ನುವುದೂ ಗೊತ್ತಿತ್ತು. ನೀರಿನ ಕೊಡದ ಪಕ್ಕದ ಡಬ್ಬಿಯನ್ನು ತಂದು, ಮುಚ್ಚಳ ತೆಗೆದು ಮಗಳ ಮುಂದೆ ಹಿಡಿದೆ. ಅವಳು ಬೆರಳುಗಳನ್ನು ಕೂಡಿಸಿ ಒಂದು ಹರಳು ಎತ್ತಿಕೊಂಡಳು. ಸೌಟಿನ ಪೆಟ್ಟು ಬಿದ್ದಿದ್ದ ಕೈ ಅದು. ಬಾಗಿ ಅಜ್ಜಿಯ ನಾಲಿಗೆಯ ಮೇಲಿಟ್ಟಳು.

ಅಜ್ಜಿ ಅದನ್ನು ಕಡಿಯಲಿಲ್ಲ. ಬಾಯಿ ಮುಚ್ಚಿ ಕರಗಲು ಬಿಟ್ಟಳು. "ರುಚಿ ಐತಬೇ" ಅಂದಳು. ಆಮೇಲೆ ನನ್ನ ಕಡೆ ಕೈ ಮಾಡಿ ಮಗಳಿಗೆ ಹೇಳಿದಳು, "ನಿಮ್ಮಮ್ಮಗೂ ಒಂದು ಹಾಕು. ಆಕಿನೂ ಬಾಳ ದಿನದಿಂದ ಸಪ್ಪಗ ಅದಾಳ."

ನಾನು ಬಾಯಿ ತೆರೆದೆ.